ರೇಣವ್ವನಿಗೆ ಮುಟ್ಟದ ನೋಟೀಸು

ಕೋರ್ಟು ಯಾರನ್ನು ಕರೆದಿದೆಯೋ ಅವರ ಮನೆಗೆ ಹೋಗಿ, ನೋಟೀಸು ಕೈಗೆ ಕೊಟ್ಟು, ಸಹಿ ತೆಗೆದುಕೊಂಡು ಬರುವವರನ್ನು ನಮ್ಮ ಕಡೆ ಬೆಲೀಫ ಎನ್ನುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕೋರ್ಟುಗಳಲ್ಲಿ ಇಪ್ಪತ್ತಾರು ವರ್ಷ ನಾನು ಆ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದೆ. ಈಗ ಡಿಗ್ರಿ ಓದಿದ ಹುಡುಗಿಯರೂ ಈ ಕೆಲಸಕ್ಕೆ ಬರುತ್ತಿದ್ದಾರೆ. ನಿಯಮಗಳನ್ನು ಅವರಿಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಒಂದು ನಿಯಮ ತಪ್ಪಿದರೆ ಯಾರ ಬಾಳಿಗೆ ಏನಾಗುತ್ತದೆ ಎಂದು ಹೇಳುವವರು ಕಡಿಮೆ. ನನಗೆ ಅದು ಗೊತ್ತಿದೆ, ಏಕೆಂದರೆ ತಪ್ಪಿದವಳು ನಾನೇ.

ನನ್ನ ಗಂಡ ಇಂಡಿ ಕೋರ್ಟಿನಲ್ಲಿ ಬೆಲೀಫರಾಗಿದ್ದರು. ಮೋಟಾರ್ ಸೈಕಲ್ ಅಪಘಾತದಲ್ಲಿ ಅವರು ತೀರಿಕೊಂಡಾಗ ನನಗೆ ಮೂವತ್ತಮೂರು ವಯಸ್ಸು, ಇಬ್ಬರು ಹೆಣ್ಣುಮಕ್ಕಳು. ಅನುಕಂಪದ ಮೇಲೆ ಅವರ ಕೆಲಸವೇ ನನಗೆ ಬಂತು. ಹೆಣ್ಣುಮಗಳು ಹಳ್ಳಿ ಹಳ್ಳಿ ತಿರುಗಿ ನೋಟೀಸು ಹೇಗೆ ಮುಟ್ಟಿಸುತ್ತಾಳೆ ಎಂದು ಆಫೀಸಿನಲ್ಲೇ ಕೆಲವರು ನಕ್ಕರು. ನಗದೆ ಇದ್ದವರು ನಾಜರ್ ಸಾಹೇಬರು ಒಬ್ಬರೇ. ನಾಜರ್ ಎಂದರೆ ಬೆಲೀಫರ ಮೇಲಿನ ಅಧಿಕಾರಿ. ಯಾವ ನೋಟೀಸು ಯಾರು ಒಯ್ಯಬೇಕು ಎಂದು ಹಂಚುವವರು, ತಂದ ವರದಿಯನ್ನು ನೋಡುವವರು. ಆ ವರದಿಯನ್ನು ನೋಟೀಸಿನ ಹಿಂದೆಯೇ ಬರೆಯಬೇಕು. ಅದಕ್ಕೆ ಷರಾ ಎನ್ನುತ್ತೇವೆ. ಮೊದಲ ದಿನ ಅವರು ನನಗೆ ಕಲಿಸಿದ್ದು ಇಷ್ಟು: "ಗಂಗಾಬಾಯಿ, ಕದಾ ಬಡಿಯೂ ಮೊದಲ ಕಟ್ಟಿ ಕೆಳಗ ಚಪ್ಪಲಿ ನೋಡು."

ಆ ಪಾಠ ವಾರದೊಳಗೆ ಉಪಯೋಗಕ್ಕೆ ಬಂತು. ಇಂಡಿಯ ಹತ್ತಿರದ ಒಂದು ಹಳ್ಳಿಯಲ್ಲಿ ಹೆಂಡತಿಯನ್ನು ಬಿಟ್ಟು ಕೂತಿದ್ದ ಒಬ್ಬನಿಗೆ ನೋಟೀಸು ಕೊಡಬೇಕಿತ್ತು. ಅವನ ತಾಯಿ ಹೊಸ್ತಿಲ ಮೇಲೆ ಜೋಳ ಹಸನು ಮಾಡುತ್ತ, "ಸೊಲ್ಲಾಪುರಕ್ಕ ಹೋಗ್ಯಾನವ್ವ, ಎಂದ ಬರ್ತಾನೋ ಗೊತ್ತಿಲ್ಲ" ಎಂದಳು. ಕಟ್ಟೆಯ ಕೆಳಗೆ ಗಂಡಸಿನ ಚಪ್ಪಲಿ ಇತ್ತು, ಹಿಮ್ಮಡಿಗೆ ಹತ್ತಿದ ಕೆಸರು ಇನ್ನೂ ಒಣಗಿರಲಿಲ್ಲ. ನಾನು ನೀರು ಕೇಳಿದೆ, ಕುಡಿದೆ, ಅಲ್ಲೇ ಕೂತೆ. ಮಕ್ಕಳೆಷ್ಟು, ತವರು ಯಾವುದು ಎಂದು ಆ ತಾಯಿ ಕೇಳಿದಳು. ಹೇಳಿದೆ. ಅರ್ಧ ತಾಸಾದ ಮೇಲೆ ಒಳಗಿನ ಕಣಜದಿಂದ ಸೀನು ಕೇಳಿಸಿತು. ಒಂದಲ್ಲ, ಸಾಲಾಗಿ ಏಳೆಂಟು. ಕಾಳಿನ ಧೂಳು ಮೂಗಿಗೆ ಹೊಕ್ಕಿತ್ತು. ತಾಯಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ಇಬ್ಬರಿಗೂ ನಗು ಬಂತು. "ಬಾರೋ ಹೊರಗ, ಬಾಯಾರು ಕೂತಾರ" ಎಂದು ಅವಳೇ ಕರೆದಳು. ಅವನು ಮೈಯೆಲ್ಲ ಹೊಟ್ಟು ಮಾಡಿಕೊಂಡು ಬಂದು ಸಹಿ ಮಾಡಿದ.

ಹೀಗೆ ನಗಿಸಿದ ಮನೆಗಳು ಇವೆ. ಆದರೆ ಬಹಳ ಕಡೆ ಬಾಗಿಲಲ್ಲಿ ನಿಂತಾಗ ನನಗೆ ಅರ್ಥವಾಗುತ್ತಿದ್ದುದು ಒಂದು ಸಂಗತಿ. ಕೋರ್ಟಿನಲ್ಲಿ ಕೇಸು ಹಾಕಿ ಕಾದು ಕೂತ ಹೆಣ್ಣುಮಗಳಿಗೆ ವಕೀಲರಿದ್ದಾರೆ, ಕಾಯ್ದೆ ಇದೆ. ಗಂಡನಿಗೆ ನೋಟೀಸು ಮುಟ್ಟುವತನಕ ಅವೆರಡೂ ಕೆಲಸ ಮಾಡುವುದಿಲ್ಲ. ಹಾಗೆಯೇ ಗಂಡ ಹೂಡಿದ ಕೇಸಿನಲ್ಲಿ ಹೆಂಡತಿಗೆ ನೋಟೀಸು ಮುಟ್ಟದಿದ್ದರೆ, ಅವಳ ಬಾಳಿನ ಬಗ್ಗೆ ಅವಳಿಗೆ ಗೊತ್ತಿಲ್ಲದೆ ತೀರ್ಮಾನ ಆಗಿಬಿಡುತ್ತದೆ.

ರೇಣವ್ವನಿಗೆ ಆದದ್ದು ಅದೇ.

ಆಗ ನಾನು ಸಿಂದಗಿಯಲ್ಲಿದ್ದೆ. ಇಂಡಿಯಲ್ಲಿದ್ದ ನಾಜರ್ ಸಾಹೇಬರೂ ಅಷ್ಟರಲ್ಲಿ ಅಲ್ಲಿಗೇ ವರ್ಗವಾಗಿ ಬಂದಿದ್ದರು. ಸಿದ್ದಪ್ಪ ಎಂಬವನು ವಿಚ್ಛೇದನಕ್ಕೆ ಅರ್ಜಿ ಹಾಕಿದ್ದ. ಊರು ಭೀಮಾ ದಂಡೆಯ ದೇವಣಗಾಂವ, ಕೆಲಸ ಜೆಸಿಬಿ ಓಡಿಸುವುದು. ಅವನ ಅರ್ಜಿಯ ಪ್ರಕಾರ ಹೆಂಡತಿ ರೇಣುಕಾ, ಅಂದರೆ ರೇಣವ್ವ, ತನ್ನ ಮನಸ್ಸಿನಿಂದಲೇ ಮನೆ ಬಿಟ್ಟು ಹೋಗಿ, ನಾಲ್ಕು ವರ್ಷದಿಂದ ದೇವರ ಹಿಪ್ಪರಗಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಳು. ಆ ವಿಳಾಸದ ನೋಟೀಸು ನನ್ನ ಪಾಲಿಗೆ ಬಂತು.

ಅವತ್ತು ನನ್ನ ಚೀಲದಲ್ಲಿ ಹನ್ನೊಂದು ನೋಟೀಸುಗಳಿದ್ದವು. ದೇವರ ಹಿಪ್ಪರಗಿಯ ಸಂತೆಯ ದಿನ, ಬಸ್ಸಿನಲ್ಲಿ ನಿಂತು ಹೋಗಿದ್ದೆ, ಬಿಸಿಲು ತಲೆಗೇರಿತ್ತು. ಮನೆ ಸಿಕ್ಕಿತು. ಹೊರಗೆ ಐವತ್ತರ ಮೇಲಿನ ಗಂಡಸೊಬ್ಬ ಕೂತಿದ್ದ.

"ರೇಣುಕಾ ಸಿದ್ದಪ್ಪ ಅನ್ನೋರ ಮನಿ ಇದೇನ್ರಿ?"

"ಹೌದ್ರಿ. ಒಳಗ ಅದಾಳ." ಅವನು ಒಳಗೆ ಕೂಗಿದ. "ಏ, ಬಾ ಇಲ್ಲಿ."

ತಲೆಯ ಮೇಲೆ ಸೆರಗು ಹೊದ್ದ ಹೆಣ್ಣುಮಗಳು ಬಂದು ಬಾಗಿಲ ಸಂದಿಯಲ್ಲಿ ನಿಂತಳು. ಮುಖ ಅರ್ಧ ಕಾಣುತ್ತಿತ್ತು.

"ಇಕೀನ ಏನ್ರಿ?" ಎಂದು ನಾನು ಕೇಳಿದೆ. ಕೇಳಿದ್ದು ಆ ಗಂಡಸನ್ನು.

"ಇಕೀನ್ರಿ. ಹಿರ್‍ಯಾರ ಮುಂದ ಮಾತಾಡಾಂಗಿಲ್ಲ. ಎಲ್ಲಿ ಒತ್ತಬೇಕು ತೋರಸ್ರಿ."

ನಾನು ತೋರಿಸಿದೆ. ಅವಳು ಹೆಬ್ಬೆಟ್ಟು ಒತ್ತಿದಳು. ಆ ಗಂಡಸು ಗುರುತಿಸಿದವನೆಂದು ಸಹಿ ಹಾಕಿದ. ನೋಟೀಸಿನಲ್ಲಿ ಏನಿದೆ ಎಂದು ಓದಿ ಹೇಳುವುದು ನಿಯಮ. ಇನ್ನೂ ಏಳು ಮನೆ ಬಾಕಿ ಇದ್ದವು. ನಾನು ಓದಲಿಲ್ಲ. 'ಖಾತ್ರಿ ಮಾಡಿಕೊಂಡು ಖುದ್ದಾಗಿ ಮುಟ್ಟಿಸಲಾಗಿದೆ' ಎಂದು ಷರಾ ಬರೆದು ಮುಂದಿನ ಮನೆಗೆ ನಡೆದೆ.

ಕೇಸಿನ ದಿನ ರೇಣುಕಾಳ ಹೆಸರನ್ನು ಮೂರು ಸಲ ಕೂಗಿದರು. ಯಾರೂ ಬರಲಿಲ್ಲ. ನೋಟೀಸು ಮುಟ್ಟಿಯೂ ಬಂದಿಲ್ಲ ಎಂದು ಏಕಪಕ್ಷೀಯವಾಗಿ ವಿಚಾರಣೆ ನಡೆದು ವಿಚ್ಛೇದನ ಆಯಿತು. ನನಗೆ ಅದು ನೆನಪಿನಲ್ಲೂ ಉಳಿಯಲಿಲ್ಲ.

ಕೆಲವು ತಿಂಗಳ ಮೇಲೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ನಮ್ಮ ಕೋಣೆಯ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದಳು. ಎತ್ತರದವಳು, ವಯಸ್ಸು ಇಪ್ಪತ್ತೇಳೋ ಎಂಟೋ. ಜೊತೆಗೆ ಅವಳ ಅಣ್ಣ, ಮತ್ತು ಸುನಂದಾಬಾಯಿ ಎಂಬ ವಕೀಲರು. ಹುಡುಗಿ ನೇರವಾಗಿ ನನ್ನ ಟೇಬಲಿನ ಮುಂದೆ ನಿಂತಳು.

"ನೀವೇನ್ರಿ ಅಕ್ಕಾರ, ನನಗ ನೋಟೀಸ ಕೊಟ್ಟವರು?"

"ಯಾವ ನೋಟೀಸ್ರಿ? ನಿಮ್ಮ ಹೆಸರೇನು?"

"ರೇಣುಕಾ ಅಂತಾರ್ರಿ. ಮಸೂತಿ ಊರಾಕಿ. ನನ್ನ ಮಾರಿ ನೋಡ್ರಿ. ನನ್ನ ಎಲ್ಲಿ ಕಂಡಿದ್ರಿ ನೀವು?"

ಸುನಂದಾಬಾಯಿ ಆ ನೋಟೀಸಿನ ನಕಲು ಪ್ರತಿಯನ್ನು ಟೇಬಲಿನ ಮೇಲಿಟ್ಟರು. ನನ್ನ ಅಕ್ಷರ, ನನ್ನ ಸಹಿ. ಅದರ ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು.

"ನಾ ಏಳನೆತ್ತ ಪಾಸ್ ಆಗೇನ್ರಿ," ಎಂದಳು ರೇಣವ್ವ. "ಸಹಿ ಮಾಡತೇನಿ. ಹೆಬ್ಬಟ್ಟ ಒತ್ತಿದ್ದಽ ಇಲ್ಲ. ಹಿಪ್ಪರಗ್ಯಾಗ ಒಂದಿನ ವಸ್ತಿ ಇದ್ದಾಕಿ ಅಲ್ಲ ನಾ."

ಆ ಅರ್ಧ ಮುಖ, ಆ ಗಂಡಸು, ಆ ಬಾಗಿಲ ಸಂದಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಆಕೆ ಬೈಯಲಿಲ್ಲ, ಅಳಲಿಲ್ಲ. ನಕಲನ್ನು ಎತ್ತಿ ವಕೀಲರ ಕೈಗೆ ಕೊಟ್ಟು ಹೊರಗೆ ಹೋದಳು.

ಅವಳ ಕಥೆ ನನಗೆ ತಿಳಿದದ್ದು ಅಂದೇ, ಕೋರ್ಟಿನ ಪಡಸಾಲೆಯಲ್ಲಿ ಅವಳು ವಕೀಲರಿಗೆ ಹೇಳುತ್ತಿದ್ದಾಗ. ಕಂಬದ ಈಚೆ ನಿಂತು ಕೇಳಿದೆ. ಮದುವೆಯಾಗಿ ಮೂರು ವರ್ಷ ದೇವಣಗಾಂವದಲ್ಲಿ ಬಾಳ್ವೆ ಮಾಡಿದ್ದಳು. ಅಣ್ಣನ ಮಗುವಿನ ಹೆಸರಿಡುವ ಕಾರ್ಯಕ್ಕೆ ಸಿದ್ದಪ್ಪನೇ ಅವಳನ್ನು ತವರೂರು ಮಸೂತಿಗೆ ತಂದುಬಿಟ್ಟ. "ಎಂಟು ದಿನ ಇರು, ಬಂದು ಕರಕೊಂಡು ಹೋಗತೇನಿ" ಎಂದು ಹೋದವನು ಬರಲಿಲ್ಲ. ಫೋನ್ ನಂಬರು ಬದಲಾಯಿತು. ಎರಡು ಸಲ ಅಣ್ಣನ ಜೊತೆ ದೇವಣಗಾಂವಕ್ಕೆ ತಾನೇ ಹೋದಳು. ಒಮ್ಮೆ ಮನೆಗೆ ಬೀಗ. ಇನ್ನೊಮ್ಮೆ ಹೊಲದಲ್ಲಿದ್ದ ಅತ್ತೆ ಕೆಲಸ ನಿಲ್ಲಿಸದೆ, "ಅವ ಕರದಾಗ ಬಾ" ಎಂದಳು. ಹೀಗೆ ನಾಲ್ಕು ವರ್ಷ. ಈಗ ಯಾವುದೋ ಮದುವೆಯಲ್ಲಿ ಸಿಕ್ಕ ಗಂಡನ ಸಂಬಂಧಿಕರು, "ನಿಂದು ಕೋರ್ಟಿನಾಗ ಬಿಡುಗಡಿ ಆಗೇತೆಲ್ಲ, ಅವ ಇನ್ನೊಂದು ಮಾಡ್ಕೊಳ್ಳಾಕತ್ತಾನ" ಎಂದಿದ್ದರು.

ಸುನಂದಾಬಾಯಿ ಸಿಂದಗಿಯಲ್ಲಿ ಆಗ ಇದ್ದ ಇಬ್ಬರೇ ಮಹಿಳಾ ವಕೀಲರಲ್ಲಿ ಒಬ್ಬರು. ಕಕ್ಷಿದಾರರಿಗೆ ಅವಸರ ಮಾಡುತ್ತಿರಲಿಲ್ಲ.

"ಮೊದಲ ಈ ಆದೇಶ ರದ್ದಾಗಬೇಕವ್ವ. ನಿನಗ ಗೊತ್ತಾದ ದಿನದಿಂದ ಮೂವತ್ತ ದಿನದಾಗ ಅರ್ಜಿ ಹಾಕಬೇಕು, ಅದಕ್ಕ ಇವತ್ತಽ ಸಹಿ ಮಾಡು. ಅದು ರದ್ದಾದ್ರ ನೀ ಅವನ ಹೆಂಡತಿನ. ಆಮ್ಯಾಲೆ ಅವ ಇನ್ನೊಂದು ಮದುವಿ ಆದ್ರ ಅದು ಅಪರಾಧ."

"ಆಮ್ಯಾಲೆ ಏನ್ರಿ?"

"ಆಮ್ಯಾಲೆ ನೀ ಏನ್ ಕೇಳ್ತಿ ಅನ್ನೂದು. ನನ್ನ ಕೂಡ ಬಾಳ್ವೆ ಮಾಡಾಕ ಅವನಿಗೆ ಹೇಳ್ರಿ ಅಂತ ಕೇಳಬಹುದು. ಕೋರ್ಟು ಹೇಳತೈತಿ, ಆದ್ರ ಅವನ ಕೈ ಹಿಡದು ಮನಿಯಾಗ ಕೂಡಸೂದಿಲ್ಲ. ಮದುವಿ ಹಂಗಽ ಇಟ್ಟು, ಬ್ಯಾರೆ ಇದ್ದು ಜೀವನಾಂಶ ಕೇಳಬಹುದು. ಮದುವಿ ಮುರೀಬ್ಯಾಡ, ಬ್ಯಾರೆ ಇರಾಕ ಅಪ್ಪಣಿ ಕೊಡ್ರಿ ಅಂತನೂ ಕೇಳಬಹುದು. ಎರಡು ವರ್ಷದ ಮ್ಯಾಲೆ ಕಾರಣ ಇಲ್ಲದ ಬಿಟ್ಟಾನಲ್ಲ, ಅದರ ಮ್ಯಾಲೆ ನೀನಽ ಬಿಡುಗಡಿ ಕೇಳಬಹುದು. ಬಿಡುಗಡಿ ತಗೊಂಡ್ರೂ ಜೀವನಾಂಶದ ಹಕ್ಕು ಹೋಗೂದಿಲ್ಲ. ತವರಿನವರು ಕೊಟ್ಟ ಬಂಗಾರ, ಭಾಂಡೆ-ಪಾತ್ರೆ ನಿನ್ನವು. ಅವೂ ವಾಪಸ್ ಬರಬೇಕು."

ರೇಣವ್ವ ಚೀಲದಿಂದ ಆದೇಶದ ನಕಲು ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ನಾ ಮನಿ ಬಿಟ್ಟು ಹ್ವಾದಾಕಿ ಅಂತ ಬರದಾರ್ರಿ ಇಲ್ಲಿ. ಉಳದದ್ದು ನಿಮಗ ತಿಳದಂಗ ಮಾಡ್ರಿ. ನನಗ ಮೊದಲ ಇದನ್ನ ತೆಗಸ್ರಿ."

ಅರ್ಜಿ ಹಾಕಿದರು. ನನ್ನನ್ನೇ ಸಾಕ್ಷಿಯಾಗಿ ಕರೆಸಿದರು. ಹಿಂದಿನ ದಿನ ನಾಜರ್ ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ಷರಾದಾಗ ಏನೈತಿ ಅಷ್ಟ ಹೇಳು, ಗಂಗಾಬಾಯಿ. ಒಂದಕ್ಷರ ಹೆಚ್ಚಿಗಿ ಬ್ಯಾಡ. ನೀ ತಪ್ಪಾತು ಅಂದ್ರ ಇಲಾಖೆ ವಿಚಾರಣೆ ಆಗತೈತಿ. ನೌಕರಿಗೇನರ ಆದ್ರ ಆ ಎರಡು ಹುಡುಗ್ಯಾರನ್ನ ಏನ್ ಮಾಡ್ತಿ?"

ಅವರು ಕೆಟ್ಟವರಲ್ಲ. ನನ್ನ ಗಂಡನ ಶವ ಮನೆಗೆ ಬಂದ ದಿನ ನನ್ನ ಮಕ್ಕಳಿಗೆ ಹಾಲು ತಂದುಕೊಟ್ಟವರು. ನನ್ನನ್ನು ಕಾಯಲೆಂದೇ ಆ ಮಾತು ಹೇಳಿದರು. ನಾನು "ಹೂಂನ್ರಿ" ಎಂದು ಹೊರಗೆ ಬಂದೆ, ಹಾಗೆಯೇ ಮಾಡುವುದೆಂದು ನಿಶ್ಚಯ ಮಾಡಿಕೊಂಡೇ ಮನೆಗೆ ಹೋದೆ.

ಮಾರನೆಯ ದಿನ ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ರೇಣವ್ವ ಎದುರಿನ ಬೆಂಚಿನ ಮೇಲೆ ಕೂತಿದ್ದಳು. ಸಿದ್ದಪ್ಪ ಹಿಂದಿನ ಸಾಲಿನಲ್ಲಿ. ಅವನ ವಕೀಲರು ಎದ್ದು ಬಹಳ ಮರ್ಯಾದೆಯಿಂದ ಕೇಳಿದರು. "ಬಾಯಾರ, ಇಷ್ಟು ವರ್ಷ ನೌಕರಿ ಮಾಡೀರಿ. ಖಾತ್ರಿ ಮಾಡ್ಕೊಂಡಽ ಷರಾ ಬರದೀರಿ, ಹೌದಿಲ್ರಿ?"

ಹೌದು ಎಂದರೆ ಮುಗಿಯುತ್ತಿತ್ತು. ರೇಣವ್ವ ನನ್ನ ಕಡೆ ನೋಡುತ್ತಿರಲಿಲ್ಲ. ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ನನ್ನ ಉತ್ತರ ಏನಿರುತ್ತದೆ ಎಂದು ಅವಳು ಮೊದಲೇ ಎಣಿಸಿಬಿಟ್ಟಿದ್ದಳು ಎಂದು ನನಗೆ ಅನ್ನಿಸಿತು. ನಾಲ್ಕು ವರ್ಷ ಎಲ್ಲ ಬಾಗಿಲುಗಳಲ್ಲೂ ಅವಳಿಗೆ ಸಿಕ್ಕಿದ್ದು ಅಂಥದೇ ಉತ್ತರ.

"ಇಲ್ರಿ," ಎಂದೆ. "ಆ ಹೆಣ್ಣುಮಗಳನ್ನ ನಾ ಹೆಸರು ಕೇಳಲಿಲ್ಲ. ಹೊರಗ ಕುಂತಿದ್ದ ಗಂಡಸು ಹೇಳಿದ್ದು ನಂಬಿದೆ. ನೋಟೀಸ್ ಓದಿ ಹೇಳಲಿಲ್ಲ. ಇಲ್ಲಿ ಕುಂತಾರಲ್ರಿ, ಇವರನ್ನ ಅವತ್ತು ನಾ ನೋಡೇ ಇಲ್ಲ."

ಜಡ್ಜ್ ಸಾಹೇಬರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಹೀಗೆ ಹೇಳಿದರೆ ಪರಿಣಾಮ ಏನೆಂದು ನಿಮಗೆ ಗೊತ್ತಿದೆಯೇ?"

"ಗೊತ್ತೈತ್ರಿ ಸಾಹೇಬ್ರ." ಕಟ್ಟೆಯ ಕಟ್ಟಿಗೆ ಹಿಡಿದುಕೊಂಡಿದ್ದೆ.

ಹೊರಗೆ ಪಡಸಾಲೆಯಲ್ಲಿ ಇನ್ನೊಬ್ಬಳು ಸಾಕ್ಷಿ ಕೂತಿದ್ದಳು, ಅವತ್ತು ಹಿಪ್ಪರಗಿಯಲ್ಲಿ ಹೆಬ್ಬೆಟ್ಟು ಒತ್ತಿದವಳು. ಸೆರಗು ಈಗ ಹೆಗಲ ಮೇಲಿತ್ತು, ಪೂರ್ತಿ ಮುಖ ಕಂಡಿತು. ಇಪ್ಪತ್ತರ ಆಸುಪಾಸಿನ ಹುಡುಗಿ, ಸಿದ್ದಪ್ಪ ಮದುವೆಯಾಗಲಿದ್ದವಳು ಇವಳೇ. ಸುನಂದಾಬಾಯಿ ಆ ವಿಳಾಸಕ್ಕೆ ಕೋರ್ಟಿನಿಂದ ಸಮನ್ಸು ಹೊರಡಿಸಿದ್ದರು. ನಾನೇ ಸಾಕ್ಷಿಯಾದ್ದರಿಂದ ಅದನ್ನು ಬೇರೆ ಬೆಲೀಫ ಒಯ್ದಿದ್ದ. ನಾನು ಹತ್ತಿರ ಹೋಗಿ, ಮೊದಲೇ ಕೇಳಬೇಕಿದ್ದ ಮಾತನ್ನು ಆಗ ಕೇಳಿದೆ.

"ನಿನ್ನ ಹೆಸರೇನವ್ವ?"

"ಕಸ್ತೂರಿ."

"ಅವತ್ತು ಹೆಬ್ಬಟ್ಟ ಯಾಕ ಒತ್ತಿದಿ?"

"ಹೊರಗ ಕುಂತಿದ್ರಲ್ಲ, ಸಿದ್ದಪ್ಪನ ಕಾಕಾ, ಅವರು ವೋಟಿನ ಕಾಗದ ಅಂದ್ರು. ಅವ್ರ ಮದುವಿ ಮುರದೈತಿ ಅಂತಽ ನನಗ ಹೇಳಿದ್ರು. ನಿಜ ಅನ್ಕೊಂಡಿದ್ದೆ." ಆ ಕಡೆ ದೂರದಲ್ಲಿ ನಿಂತಿದ್ದ ರೇಣವ್ವನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. "ನಾಳೆ ಅವ ನನ್ನ ಹೆಸರಿಲೆ ಇನ್ಯಾರದೋ ಹೆಬ್ಬಟ್ಟ ಒತ್ತಸಾಂವ. ನಾ ಇದ್ದದ್ದು ಹೇಳಿ ನಮ್ಮೂರಿಗಿ ಹೋಗತೇನ್ರಿ."

ಅವಳು ಇದ್ದದ್ದನ್ನು ಹೇಳಿದಳು. ಏಕಪಕ್ಷೀಯ ಆದೇಶ ರದ್ದಾಯಿತು.

ನನ್ನ ಮೇಲೆ ವಿಚಾರಣೆ ಆಯಿತು. ಎರಡು ಇನ್‌ಕ್ರಿಮೆಂಟು ನಿಂತವು, ಮುದ್ದೇಬಿಹಾಳಕ್ಕೆ ವರ್ಗ ಮಾಡಿದರು. ವಿಚಾರಣೆಯಲ್ಲಿ ನನ್ನ ಪರವಾಗಿ ಮಾತಾಡಿದವರು ನಾಜರ್ ಸಾಹೇಬರು. ಒಂದೇ ದಿನಕ್ಕೆ ಹನ್ನೊಂದು ನೋಟೀಸು ಹಂಚಿದವನು ತಾನು, ತಪ್ಪಿನಲ್ಲಿ ತನ್ನ ಪಾಲೂ ಇದೆ ಎಂದು ಬರೆದುಕೊಟ್ಟರು. ಅವರ ನಿವೃತ್ತಿಗೆ ಆಗ ಐದು ತಿಂಗಳು ಉಳಿದಿತ್ತು. ಈ ವಿಷಯ ಅವರು ನನಗೆ ಹೇಳಲಿಲ್ಲ. ಆದೇಶದ ಪ್ರತಿ ಕೈಗೆ ಬಂದಾಗ ಓದಿ ತಿಳಿದುಕೊಂಡೆ.

ಮುದ್ದೇಬಿಹಾಳದಲ್ಲಿ ನಾನು ಬಹಳ ಸಾವಕಾಶದ ಬೆಲೀಫಳಾದೆ. ದಿನಕ್ಕೆ ಐದು ಮನೆಯೆಂದರೆ ಐದೇ ಮನೆ. ಹೆಣ್ಣುಮಗಳ ಹೆಸರನ್ನು ಅವಳ ಬಾಯಿಂದಲೇ ಕೇಳದೆ ಕಾಗದ ಮುಂದೆ ಮಾಡುತ್ತಿರಲಿಲ್ಲ. ಪಕ್ಕದಲ್ಲಿದ್ದವರು ಉತ್ತರ ಕೊಟ್ಟರೆ, "ನೀವಲ್ರಿ, ಅವರು ಹೇಳಲಿ" ಎನ್ನುತ್ತಿದ್ದೆ. ಒಮ್ಮೆ ಹೀಗೆ ಕೇಳಿ ಗಂಟೆಗಟ್ಟಲೆ ಕಾಯಬೇಕಾಯಿತು. ಮುದ್ದೇಬಿಹಾಳದ ಒಬ್ಬ ಹೆಣ್ಣುಮಗಳು ನನಗೆ ಇನ್ನೂ ನೆನಪಿದ್ದಾಳೆ. ಗಂಡ ಬಿಟ್ಟು ಹತ್ತು ವರ್ಷವಾಗಿದ್ದರೂ ಅವಳು ವಿಚ್ಛೇದನ ಕೇಳಿರಲಿಲ್ಲ, ಮದುವೆ ಉಳಿಸಿಕೊಂಡು ಬೇರೆ ಇರಲು ಮಾತ್ರ ಕೇಳಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, "ತಾಳಿ ಇರಲಿ ಬಿಡ್ರಿ, ಅದು ನಮ್ಮಪ್ಪ ಮಾಡಿಸಿದ್ದು. ಆ ಮನಿಷ್ಯಾ ಬ್ಯಾಡ" ಎಂದಳು. ಯಾವ ದಾರಿ ಸರಿ ಎಂದು ಹೊರಗಿನವರು ಹೇಳುವಂಥದಲ್ಲ ಎಂದು ನನಗೆ ತಿಳಿದದ್ದು ಇಂಥವರಿಂದ.

ರೇಣವ್ವನ ಕೇಸು ಮತ್ತೆ ಮೊದಲಿನಿಂದ ನಡೆಯಿತು. ಸಿದ್ದಪ್ಪನ ಅರ್ಜಿಗೆ ಉತ್ತರ ಕೊಡುವಾಗಲೇ ಅವಳು ಅದರಲ್ಲಿ ತನ್ನ ಬೇಡಿಕೆಯನ್ನೂ ಸೇರಿಸಿದ್ದಳು. ಬಿಟ್ಟು ಹೋದವನು ಅವನು, ಆದ್ದರಿಂದ ವಿಚ್ಛೇದನ ತನಗೆ ಕೊಡಬೇಕು, ಜೀವನಾಂಶ ಕೊಡಬೇಕು, ತನ್ನ ವಸ್ತುಗಳನ್ನು ಮರಳಿಸಬೇಕು ಎಂದು. ಸಿದ್ದಪ್ಪ ಮೂರು ವಾಯಿದೆಗಳಲ್ಲಿ, ಅಂದರೆ ವಿಚಾರಣೆಯ ದಿನಗಳಲ್ಲಿ, ಎರಡಕ್ಕೆ ತಪ್ಪಿಸುತ್ತಿದ್ದ. ರೇಣವ್ವ ಒಂದೂ ತಪ್ಪಿಸಲಿಲ್ಲ. ಮಸೂತಿಯಿಂದ ಸಿಂದಗಿಗೆ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮೊದಮೊದಲು ಅಣ್ಣ ಜೊತೆಗಿರುತ್ತಿದ್ದ. ಕೊನೆಕೊನೆಗೆ ಒಬ್ಬಳೇ ಬಂದು, ಪಡಸಾಲೆಯಲ್ಲಿ ಕೂತು, ಹೆಸರು ಕೂಗಿದಾಗ ಒಳಗೆ ಹೋಗುತ್ತಿದ್ದಳು ಎಂದು ಸುನಂದಾಬಾಯಿ ಹೇಳಿದರು.

ತೀರ್ಪಿನ ದಿನ ನಾನು ರಜೆ ಹಾಕಿ ಮುದ್ದೇಬಿಹಾಳದಿಂದ ಸಿಂದಗಿಗೆ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತೆ. ಜಡ್ಜ್ ಸಾಹೇಬರು ಓದಿದ್ದು ನಾಲ್ಕೈದು ಸಾಲು ಅಷ್ಟೇ. ಗಂಡನ ಅರ್ಜಿ ವಜಾ. ಹೆಂಡತಿಯನ್ನು ಸಕಾರಣವಿಲ್ಲದೆ ತ್ಯಜಿಸಿದವನು ಗಂಡ ಎಂದು ಸಾಬೀತಾಗಿದೆ. ಹೆಂಡತಿಯ ಬೇಡಿಕೆ ಮಂಜೂರು.

ಹೊರಗೆ ಬಂದಾಗ ರೇಣವ್ವ ನನ್ನನ್ನು ಗುರುತಿಸಿದಳು. ನಾನು ಅವಳ ಹತ್ತಿರ ಕ್ಷಮೆ ಕೇಳಬೇಕೆಂದು ಬಂದಿದ್ದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೂ ಇದ್ದೆ. ಬಾಯಿಂದ ಬಂದದ್ದು, "ನನ್ನಿಂದ ನಿನಗ ಭಾಳ ತ್ರಾಸ ಆತವ್ವ" ಎಂಬ ಮಾತು ಮಾತ್ರ.

"ಆತ್ರಿ," ಎಂದಳು. ಇಲ್ಲ ಎಂದು ನನ್ನ ಸಮಾಧಾನಕ್ಕಾಗಿ ಸುಳ್ಳು ಹೇಳಲಿಲ್ಲ. ಚೀಲ ಹೆಗಲಿಗೇರಿಸಿ, "ಚಾ ಕುಡ್ಯೂಣು ಬರ್ರಿ ಅಕ್ಕಾರ" ಎಂದಳು.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದೆವು. ಬಾಗೇವಾಡಿಯಲ್ಲಿ ಹೊಲಿಗೆ ಕಲಿಸುವ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿದಳು. ಜಂಪರಿನ ತೋಳು ಕೂಡಿಸುವುದು ಮೊದಲು ಬರುತ್ತಿರಲಿಲ್ಲ, ಈಗ ಅದನ್ನೇ ಬೇರೆಯವರಿಗೆ ಕಲಿಸುತ್ತೇನೆ ಎಂದಳು.

ನಂತರದ ವರ್ಷಗಳಲ್ಲಿ ನಮ್ಮ ಕೆಲಸ ಬಹಳ ಬದಲಾಯಿತು. ಬಾಗೇವಾಡಿಯಲ್ಲಿ ನನ್ನ ಕೊನೆಯ ದಿನಗಳಲ್ಲಿ ನೋಟೀಸು ಕೊಡುವಾಗ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೆವು. ಕೆಲವು ನೋಟೀಸುಗಳು ಫೋನಿಗೇ ಹೋಗುತ್ತಿದ್ದವು. ಜೀವನಾಂಶದ ಹಳೆಯ ಕಲಮಿನ ನಂಬರು ಬದಲಾಗಿ ಹೊಸದು ಬಂದಿದೆ, ಹಕ್ಕು ಹಾಗೆಯೇ ಇದೆ. ಹೊಸದಾಗಿ ಬಂದವರು ಫೋನು ಚೆನ್ನಾಗಿ ಬಳಸುತ್ತಾರೆ, ನನಗಿಂತ ಚುರುಕಾಗಿದ್ದಾರೆ. ಅವರಿಗೆ ಒಂದೇ ಮಾತು ಹೇಳಬೇಕು. ಫೋಟೋದಲ್ಲಿ ಮುಖ ಬರುತ್ತದೆ, ಅದು ಯಾರ ಮುಖ ಎಂದು ನೀವೇ ಕೇಳಬೇಕು. ಅವಳನ್ನೇ ಕೇಳಬೇಕು. ಅವಳಿಗೆ ಓದಿ ಹೇಳಬೇಕು. ನಿಮ್ಮ ಬಸ್ಸು ಹೋದರೆ ಹೋಗಲಿ.

ಆ ದಿನ ಚಹಾ ಕುಡಿದು ನಾವು ಸ್ಟ್ಯಾಂಡಿಗೆ ಬಂದಾಗ ಬಾಗೇವಾಡಿಯ ಬಸ್ಸು ನಿಂತಿತ್ತು. ಅದು ಸಿದ್ದಪ್ಪನ ಕಾಕಾ ಇದ್ದ ದೇವರ ಹಿಪ್ಪರಗಿಯ ಮೇಲೆ ಹೋಗುವ ಬಸ್ಸು. ಸಿದ್ದಪ್ಪನೂ ಅದಕ್ಕೇ ಕಾಯುತ್ತ ಬಾಗಿಲ ಹತ್ತಿರ ನಿಂತಿದ್ದ. ಅವನನ್ನು ಕಂಡು ನನ್ನ ಕಾಲು ತಡೆಯಿತು. ರೇಣವ್ವ ನಿಲ್ಲಲಿಲ್ಲ. "ಸ್ವಲ್ಪ ಸರೀರಿ" ಎಂದಳು, ಬಸ್ಸಿನಲ್ಲಿ ಯಾರಿಗಾದರೂ ಹೇಳುವ ಹಾಗೆ. ಅವನು ಸರಿದ. ಅವಳು ಹತ್ತಿ, ಮುಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು ನನಗೆ ಕೈ ಮಾಡಿದಳು. ಕಂಡಕ್ಟರ್ ಎರಡು ಸಲ ಸೀಟಿ ಊದಿದ, "ಬರ್ತೀರೇನ್ರಿ?" ಎಂದು ಸಿದ್ದಪ್ಪನನ್ನು ಕೇಳಿದ. ಸಿದ್ದಪ್ಪ ಇಲ್ಲವೆಂದು ತಲೆ ಆಡಿಸಿ ನೆಲ ನೋಡುತ್ತ ನಿಂತ. ಬಸ್ಸು ಹೊರಟಿತು.